ಬಯಲು ತಾತನವರು ಹಾಕಿದ ಹೆಚ್ಚಿನ ಗುಪ್ಪೆ

ಪೂಜ್ಯ ಬಯಲು ತಾತನವರಿಗೆ ಮಠವೆಂಬುದೇನೂ ಇರಲಿಲ್ಲ. ಹುಲ್ಲುಗಾವಲಿನ ಅಂಚಿಗೆ ಒಂದು ಜೋಪಡಿ, ಅದರ ಮುಂದೆ ಹಸಿದು ಬಂದವರಿಗೆ ಮುದ್ದೆ ಬೇಯಿಸುವ ಒಲೆ, ಅದರಾಚೆ ಒಂದು ಹಿಂಡು ಕುದುರೆ. ಕಾಲು ಸೋತವು, ಹಲ್ಲು ಉದುರಿದವು, ಯಾರಿಗೂ ಬೇಡವಾದವು. ಅವಕ್ಕೆ ಲಾಯವಿಲ್ಲ, ಗೂಟವಿಲ್ಲ; ಬಿಸಿಲಿಗೂ ಮಂಜಿಗೂ ಬಯಲೇ ಮನೆ. ತಾತನವರು ದಿನವೂ ಸಂಜೆ ತಾವೇ ಹುಲ್ಲು ಹೊತ್ತು, ಬಯಲಿನ ತುಂಬ ದೂರದೂರಕ್ಕೆ ಗುಪ್ಪೆ ಹಾಕುತ್ತಿದ್ದರು. ಕುದುರೆಗೊಂದರಂತೆ ಹಾಕಿ ಮುಗಿದ ಮೇಲೆ ಇನ್ನೊಂದು ಗುಪ್ಪೆಯನ್ನು ಹೆಚ್ಚಿಗೆ ಹಾಕಿಯೇ ಕೈ ಕೊಡವುತ್ತಿದ್ದರು.

ಅಂಥ ಒಂದು ಸಂಜೆ ಕೋಟೆಯ ರಾವುತ ಗಾದಿಲಿಂಗಪ್ಪ ತನ್ನ ಕುದುರೆಯನ್ನು ನಡೆಸಿಕೊಂಡು ಬಂದ. ಮೀಸೆಯ ಹುರಿ ಹಾಗೇ ಇತ್ತು, ಮುಖ ಮಾತ್ರ ಬಾಡಿತ್ತು. ನಾಲ್ಕು ಕಾಲಿಗೂ ಹಣೆಗೂ ಬಿಳುಪಿದ್ದ ಅವನ ಹೆಣ್ಣುಕುದುರೆ ಕಲ್ಯಾಣಿ, ಲಾಯದ ಜೊತೆಗಾತಿ ಸತ್ತಂದಿನಿಂದ ಮೇವು ಬಿಟ್ಟಿತ್ತು. ಬೆಂದ ಹುರುಳಿಗೆ ಬೆಲ್ಲ ಕಲಸಿ ಬಾಯಿಗಿಟ್ಟರೂ ಮುಖ ತಿರುಗಿಸುತ್ತಿತ್ತು. ಇನ್ನು ಉಳಿಯುವುದಿಲ್ಲ ಎಂದು ಕೋಟೆಯ ವೈದ್ಯರು ಕೈಚೆಲ್ಲಿದ್ದರು. ಸಾಧುಸಂತರಲ್ಲಿ ಗಾದಿಲಿಂಗಪ್ಪನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಹೆಂಡತಿಯ ಕಾಟ ತಾಳಲಾರದೆ ಬಂದಿದ್ದ.

ಬಂದವನೇ ಹಿಂಡಿನಿಂದ ದೂರ ಗೂಟ ಹೊಡೆದು ಕಲ್ಯಾಣಿಯನ್ನು ಕಟ್ಟಿದ. ಜಾತಿಕುದುರೆಯನ್ನು ಈ ಮುದಿಗಳ ಜೊತೆ ಬಿಡುವುದುಂಟೇ? ತನಗೂ ಬೇರೆ ಒಲೆ ಹೂಡಿಕೊಂಡ. ಕಂಡಕಂಡವರ ಪಂಕ್ತಿಯಲ್ಲಿ ಕೂತು ಉಣ್ಣುವ ಜಾಯಮಾನ ಅವನದಲ್ಲ. ಹೆಚ್ಚಿನ ಗುಪ್ಪೆ ಕಣ್ಣಿಗೆ ಬಿದ್ದಾಗ ಆ ದುಃಖದಲ್ಲೂ ನಗು ಬಂತು.

“ಏನ್ ತಾತ, ಎಣಿಕಿ ತಪ್ಪೈತಲ್ಲ? ಒಂದು ಗುಪ್ಪಿ ಜಾಸ್ತಿ ಆತು.”

ತಾತನವರು ಮುಗುಳ್ನಕ್ಕರು. “ಗೂಟ ಕೀಳಪ್ಪ” ಎಂದರು.

“ಒದ್ದು ಸಾಯಿಸ್ತಾವು ಬುದ್ಧಿ! ಅದ್ರಾಗ ಈ ಮಂಜು ಬ್ಯಾರೆ.”

“ಕಟ್ಟಿದ್ರ ಬದುಕ್ತಾಳೇನು?”

ರಾವುತ ಕಲ್ಯಾಣಿಯ ಕತ್ತು ನೇವರಿಸಿದ. ಗೂಟ ಕಿತ್ತು ಹಗ್ಗ ಬಿಚ್ಚಿದ.

ಹಿಂಡಿಗೆ ಒಕ್ಕಣ್ಣಿನ ಒಂದು ಮುದಿ ಹೆಣ್ಣುಕುದುರೆಯೇ ಯಜಮಾನಿ. ಎಲ್ಲರೂ ಅದನ್ನು ಗೌಡತಿ ಎನ್ನುತ್ತಿದ್ದರು. ಅದೂ ಹಾಗೆಯೇ ನಡೆದುಕೊಳ್ಳುತ್ತಿತ್ತು. ಕಲ್ಯಾಣಿ ಹತ್ತಿರ ಬಂದೊಡನೆ ಗೌಡತಿ ಕಿವಿ ಹಿಂದಕ್ಕೆ ಮಡಚಿ ಅಟ್ಟಿತು. ಮುಂದಿನ ಗುಪ್ಪೆಗೆ ಹೋದರೆ ಅಲ್ಲಿಯದೂ ಅಟ್ಟಿತು. ಗಾದಿಲಿಂಗಪ್ಪ ಹಲ್ಲು ಕಚ್ಚಿಕೊಂಡು ನಿಂತ. ಹೀಗೆ ಸರಿಯುತ್ತ ಸರಿಯುತ್ತ ಕಲ್ಯಾಣಿ ಕೊನೆಯ ಗುಪ್ಪೆಗೆ ಬಂತು. ಅಲ್ಲಿ ಅಟ್ಟುವವರು ಯಾರೂ ಇರಲಿಲ್ಲ. ಸುತ್ತಲೂ ಹಿಂಡು ಕರಕರನೆ ಮೇಯುತ್ತಿತ್ತು. ಕಲ್ಯಾಣಿ ಮೂಸಿತು, ತಲೆಯೆತ್ತಿ ಎಲ್ಲರನ್ನೂ ನೋಡಿತು, ಮೆಲ್ಲಗೆ ಬಾಯಿ ಹಾಕಿತು. ಒಂದು ಹೊತ್ತಿನ ಮೇವಿಗೆ ಹಿಗ್ಗಬಾರದೆಂದು ರಾವುತ ತನಗೆ ತಾನೇ ಬುದ್ಧಿ ಹೇಳಿಕೊಂಡ.

ಬೆಳಗ್ಗೆ ಎದ್ದವನು ಬಯಲಿನ ಕಡೆ ನೋಡಿದ. ಕಲ್ಯಾಣಿ ಇಬ್ಬನಿಯ ಹುಲ್ಲಿನ ಮೇಲೆ ಕಾಲು ಚಾಚಿ ಬಿದ್ದಿತ್ತು! ಪಕ್ಕದಲ್ಲಿ ಗೌಡತಿ ಅಲುಗದೆ ನಿಂತಿತ್ತು.

“ಹೋದ್ಯಲ್ಲೇ ನನ್ನವ್ವಾ!” ಎಂದು ಆ ಗಂಡಸು ಬಾಯಿ ಬಾಯಿ ಬಡಿದುಕೊಳ್ಳುತ್ತ ಓಡಿದ. ರುಮಾಲು ದಾರಿಯಲ್ಲೇ ಬಿತ್ತು.

ತಾತನವರು ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಚೀರಬ್ಯಾಡಪ್ಪ, ಮಲಗ್ಯಾಳ. ಕಾಯಾಕ ಒಬ್ಬಾಕಿ ನಿಂತಾಳ, ಅದಕ್ಕ ನಿದ್ದಿ ಬಂದೈತಿ.”

ಹೌದಲ್ಲ! ಜೊತೆಗಾತಿ ಸತ್ತ ಮೇಲೆ ಲಾಯದಲ್ಲಿ ಕಲ್ಯಾಣಿ ಒಂದು ರಾತ್ರಿಯೂ ನೆಲಕ್ಕೆ ಮೈ ಚಾಚಿರಲಿಲ್ಲ. ಹಾಸು, ಹೊದಿಕೆ, ಬೆಲ್ಲ ಎಲ್ಲ ಕೊಟ್ಟಿದ್ದ ತಾನು, ಪಕ್ಕದಲ್ಲಿ ನಿಂತು ಕಾಯುವ ಜೊತೆಯೊಂದನ್ನು ಕೊಟ್ಟಿರಲಿಲ್ಲ. ಅಷ್ಟರಲ್ಲಿ ಗದ್ದಲಕ್ಕೆ ಎಚ್ಚೆತ್ತ ಕಲ್ಯಾಣಿ, ಕಸಕಡ್ಡಿ ಮೆತ್ತಿದ ತಲೆಯನ್ನೆತ್ತಿ, ಯಾರಪ್ಪ ಇದು ಬೆಳಬೆಳಗ್ಗೆ ಎಂಬಂತೆ ಅವನನ್ನು ನೋಡಿ ಮತ್ತೆ ತಲೆಯಿಟ್ಟಿತು. ಗಾದಿಲಿಂಗಪ್ಪ ಅಳುತ್ತಲೇ ನಕ್ಕುಬಿಟ್ಟ.

ಮಧ್ಯಾಹ್ನ ಜೋಪಡಿಯ ಮುಂದೆ ಪಂಕ್ತಿ ಕೂತಿತು. ಎಲ್ಲರೂ ಕೂತರೂ ಕೊನೆಯಲ್ಲಿ ಒಂದು ಮುತ್ತುಗದ ಎಲೆ ಖಾಲಿಯಿತ್ತು. ಯಾರೂ ಅವನನ್ನು ಕರೆಯಲಿಲ್ಲ. ರಾವುತ ಎಲೆಯನ್ನು ನೋಡಿದ, ಬಯಲನ್ನು ನೋಡಿದ. ತನ್ನ ಒಲೆಗೆ ನೀರು ಸುರಿದು ಬಂದು ಆ ಎಲೆಯ ಮುಂದೆ ಕೂತ.

ತಾತನವರು ಮುದ್ದೆ ಬಡಿಸುತ್ತ ಕೇಳಿದರು: “ಎಣಿಕಿ ಸರಿ ಆತೇನಪ್ಪ?”

ಗಾದಿಲಿಂಗಪ್ಪ ತಲೆಯಾಡಿಸಿದ. ಬಗ್ಗಿ ಅವರ ಪಾದ ಮುಟ್ಟಿದ. ಪಕ್ಕದಲ್ಲಿದ್ದ ಕುರುಬರ ಮುದುಕ ಸಾರಿನ ಮಡಕೆಯನ್ನು ಅವನ ಕಡೆ ಸರಿಸಿದ. ಉಂಡು ಎದ್ದವನು ತನ್ನ ಎಲೆ ತೆಗೆದು, ಆ ಜಾಗವನ್ನು ಸಾರಿಸಿ, ಅಲ್ಲಿ ಹೊಸದೊಂದು ಎಲೆ ಹಾಸಿದ.