ಹುಲಗಪ್ಪನ ಸನಾದಿ ದಾಟಿಸಿದ ಭರಮ್ಯಾ

ಹಿಂಗೊಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಯಮನವ್ವ, ಮಗ ಭರಮ್ಯಾ. ಮುಧೋಳದ ಕಡೆಯ ಭಜಂತ್ರಿ ಮನೆತನ. ದೇವರು ಬುದ್ಧಿ ಹಂಚುವಾಗ ಭರಮ್ಯಾ ಜರಡಿ ಹಿಡಿದು ನಿಂತಿದ್ದ ಅಂತ ಊರವರು ನಗುತ್ತಿದ್ದರು. ಯಮನವ್ವ ಅದನ್ನೂ ಒಪ್ಪುತ್ತಿರಲಿಲ್ಲ. ಜರಡಿಯಲ್ಲಾದರೂ ನಾಲ್ಕು ಕಲ್ಲು ಉಳಿಯುತ್ತವೆ ಅನ್ನುತ್ತಿದ್ದಳು.

ಅವಳ ಗಂಡ ಹುಲಗಪ್ಪ ಸನಾದಿ ಊದುವವ. ಎಂಥ ಸನಾದಿ ಅಂತೀರಿ! ಘಟಪ್ರಭೆಯ ದಂಡೆಗೆ ನಿಂತು ಊದಿದರೆ ಮೀನು ಮೇಲೆ ಬಂದು ತಲೆ ತೂಗುತ್ತಿದ್ದವು, ಬಲೆಯವರು ಬಲೆ ಹಾಕುವುದನ್ನೇ ಮರೆಯುತ್ತಿದ್ದರು. ಸುಳ್ಳು ಅನ್ನುವವರು ಹೋಗಿ ಆ ಮೀನುಗಳನ್ನೇ ಕೇಳಲಿ. ಹುಲಗಪ್ಪ ದಮ್ಮು ಹತ್ತಿ ಸಾಯುವ ಮುಂಚೆ, ಅವನ ಗೆಳೆಯ ದಸ್ತಗೀರ ಮಾಸ್ತರ ಒಂದೊಂದೇ ಸ್ವರ ಊದಿಸಿ, ಮನೆಯಲ್ಲಿದ್ದ ಹಾರ್ಮೋನಿಯಂ ಹಾಗೆ ನುಡಿಸುವ ಕೀಬೋರ್ಡಿನೊಳಗೆ ತುಂಬಿಟ್ಟಿದ್ದ. ಕೀ ಒತ್ತಿದರೆ ಸಾಕು, ಹುಲಗಪ್ಪನೇ ಪಕ್ಕದಲ್ಲಿ ಕೂತು ಊದಿದ ಹಾಗೆ.

ಈಗ ಆ ಕೀಬೋರ್ಡು ಮುದಿಯಾಗಿತ್ತು. ಅರ್ಧ ಕೀಗಳು ಮೂಕ, ಉಳಿದವು ಕೆಮ್ಮುತ್ತಿದ್ದವು. ಅಷ್ಟರಲ್ಲಿ ಮಗಳು ಕೆಂಚವ್ವನ ಮದುವೆ ಜಮಖಂಡಿಯಲ್ಲಿ ಗೊತ್ತಾಯಿತು. ಹುಡುಗಿ ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ಅಪ್ಪ ಇಲ್ದ ಅಕ್ಕಿಕಾಳು ನನ್ನ ತಲಿಮ್ಯಾಲ ಬೀಳೂದು ಬ್ಯಾಡ ಯವ್ವಾ. ಅವನ ದನಿ ಚಪ್ಪರದಾಗ ಇರಬೇಕು" ಅಂದಳು, ಅಷ್ಟೇ.

ಯಮನವ್ವ ಹೊಸ ಕೀಬೋರ್ಡು ತಂದಳು. ತಂದರೇನು, ಹಳೆಯದರ ಫೈಲು ಹೊಸದಕ್ಕೆ ತಿಳಿಯದು. ಅದರ ಫಾರ್ಮ್ಯಾಟ್ ಬೇರೆ, ಇದರ ಫಾರ್ಮ್ಯಾಟ್ ಬೇರೆ. ನಡುವೆ ಕಂಪ್ಯೂಟರಿನ ಒಂದು ಸಾಫ್ಟ್‌ವೇರು ಕೂತು ಅದರ ಮಾತನ್ನು ಇದಕ್ಕೆ ತಿಳಿಸಿ ಹೇಳಬೇಕು. ಮಾಸ್ತರನಿಗೆ ಅದು ಎಲೆ ಅಡಿಕೆ ಹಾಕಿಕೊಂಡಷ್ಟು ಹಗುರ. ಆದರೆ ಆ ಮನೆತನದ ಕಟ್ಟಳೆ ಬೇರೆ ಇತ್ತು. ಸತ್ತವನ ಸನಾದಿಯನ್ನು ಮಗನೇ ಕೈಯಾರೆ ದಾಟಿಸಿಕೊಳ್ಳಬೇಕು, ಪರರ ಕೈ ಬಿದ್ದರೆ ಒಳಗಿನ ಉಸಿರು ಮುನಿಯುತ್ತದೆ. ಮಾಸ್ತರ ತನ್ನ ಕಂಪ್ಯೂಟರನ್ನು ಯಮನವ್ವನ ಪಡಸಾಲೆಗೆ ತಂದಿಟ್ಟು, ಎರಡೂ ಕೈ ಕಟ್ಟಿಕೊಂಡು ನಿಂತ. ನಾನು ಬಾಯಿಲೆ ಹೇಳುತ್ತೇನೆ ವೈನಿ, ಅವನು ಕೈಲೆ ಮಾಡಲಿ ಅಂದ.

ಸ್ವರಗಳನ್ನು ಕಂಪ್ಯೂಟರಿಗೆ ಇಳಿಸಿದ್ದಾಯಿತು. ಫೈಲಿನ ಹೆಸರಿಗೊಂದು ಬಾಲ ಇರುತ್ತದೆ, ಆ ಬಾಲ ಬದಲಾಗಬೇಕು ಅಂತ ಹೇಳಿ ಮಾಸ್ತರ ಹೋದ. ಭರಮ್ಯಾ ಬಾಲವನ್ನಷ್ಟೇ ಬದಲಿಸಿದ. ಹಳೆ ಅಕ್ಷರ ಅಳಿಸಿದ, ಹೊಸ ಅಕ್ಷರ ಬರೆದ, ಕೈ ತೊಳೆದುಕೊಂಡ. ಹೊಸ ಕೀಬೋರ್ಡಿಗೆ ತುಂಬಿ ಒತ್ತಿದರೆ ಸನಾದಿ ಎಲ್ಲಿ? ಹಾಳು ಬಾವಿಯಲ್ಲಿ ತಗಡು ತಿಕ್ಕಿದಂಥ ಕೂಗು. ಮಟಮಟ ಮಧ್ಯಾಹ್ನ ಓಣಿಯ ನಾಯಿಗಳೆಲ್ಲ ಬಾಲ ಮಡಚಿ ಗಾಡಿಯಡಿ ಸೇರಿದವು, ಒಂದೂ ಬೊಗಳಲಿಲ್ಲ.

"ಬಾಲ ಬದಲಿಸಿದ್ರ ಕತ್ತಿ ಕುದುರಿ ಆಕ್ಕೈತೇನೋ?" ಅಂದ ಮಾಸ್ತರ. "ಮದ್ಲ ಒಳಗಿಂದು ಪೂರ್ತಿ ಕೇಳು. ಮುಗದಮ್ಯಾಲ ಮುಂದಿನ ಕೆಲಸ."

ಭರಮ್ಯಾ ಕೇಳಲು ಕೂತ. ಯಮನವ್ವ ಹೊಲಕ್ಕೆ ಹೋಗಿ ಬಂದಳು, ಕೂತೇ ಇದ್ದ. ರೊಟ್ಟಿ ಬಡಿದಳು, ಕೂತೇ ಇದ್ದ. ಪಡಸಾಲೆಯಲ್ಲಿ ಒಂದೇ ಸ್ವರ, ಏರದೆ ಇಳಿಯದೆ, ನಡುವೆ ಉಸಿರೇ ತೆಗೆದುಕೊಳ್ಳದೆ ನಡೆದಿತ್ತು. ಯಮನವ್ವನ ಕೈಯ ಹಿಟ್ಟು ಕೈಯಲ್ಲೇ ಒಣಗಿತು. ಕೊನೆಯ ದಿನಗಳಲ್ಲಿ ಆ ಮನುಷ್ಯ ಒಂದು ಗುಟುಕು ಗಾಳಿಗಾಗಿ ಒದ್ದಾಡಿದ್ದನ್ನು ಅವಳು ಕಂಡಿದ್ದಳು.

"ಬಂದ್ ಮಾಡೋ" ಅಂದಳು.

"ಮುಗದಿಲ್ಲವ್ವ. ಅಪ್ಪಗ ಈಗ ದಮ್ಮು ಹತ್ತಂಗಿಲ್ಲ ನೋಡು" ಅಂದ ಭರಮ್ಯಾ, ಬಲು ಸಂತೋಷದಿಂದ.

ಮಾಸ್ತರ ಬಂದು ಹಣೆ ಬಡಿದುಕೊಂಡ. ಅದು ಗಾಣದೆತ್ತಿನ ಹಾಗೆ ಸುತ್ತುವ ಸ್ವರ, ಯಂತ್ರವೇ ಸುತ್ತಿಸುತ್ತದೆ, ಲೋಕ ಮುಳುಗಿದರೂ ಮುಗಿಯುವುದಿಲ್ಲ ಅಂತ ಬೈದ. ಸ್ವರದ ಹಿಂದೆ ಮುಂದೆ ಬರೀ ಮೌನ ಇರುತ್ತದೆ, ದನಿ ಇಲ್ಲದ್ದನ್ನು ಕತ್ತರಿಸಿ ಒಗೆ, ದನಿ ಇದ್ದದ್ದನ್ನು ಇಟ್ಟುಕೋ ಅಂತ ಹೇಳಿ ಹೋದ.

ಭರಮ್ಯಾ ಕುಡುಗೋಲು ತಂದ. ಹಳೆ ಕೀಬೋರ್ಡಿನಲ್ಲಿ ದನಿ ಇಲ್ಲದ ಕೀ ಯಾವುದು ಅಂತ ಒಂದೊಂದಾಗಿ ಒತ್ತಿ ನೋಡಿದ, ಮೂಕವಾದದ್ದನ್ನೆಲ್ಲ ಮೀಟಿ ಎಬ್ಬಿಸಿ ಅಂಗಳಕ್ಕೆ ಎಸೆದ. ಯಮನವ್ವ ಬಂದು ನೋಡಿದರೆ, ಹಲ್ಲುದುರಿದ ಹೆಣದ ಬಾಯಿಯ ಹಾಗೆ ಕೀಬೋರ್ಡು ಬಿದ್ದಿತ್ತು. ಕೋಳಿಗಳು ಬಿಳಿ ಕೀಗಳನ್ನು ಸುತ್ತುಗಟ್ಟಿ ನಿಂತಿದ್ದವು, ಕುಕ್ಕುತ್ತಿರಲಿಲ್ಲ, ಕತ್ತು ಓರೆಮಾಡಿ ಏನನ್ನೋ ಆಲಿಸುತ್ತಿದ್ದವು. ಕೋಳಿ ಆಲಿಸುವುದನ್ನು ಕಂಡಿದ್ದೀರಾ? ಅವಳು ಕಂಡಳು.

ಇನ್ನು ಹಿಂದಕ್ಕೆ ಹೋಗಲು ಹಳೆಯದು ಇಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದೇ ಕೊನೆಯದು. ಮಾಸ್ತರನಿಗೆ ವಿಜಾಪುರದಲ್ಲಿ ಕಾರ್ಯಕ್ರಮ, ಬಸ್ಸಿಗೆ ಹೊತ್ತಾಗಿತ್ತು. ಸಾಫ್ಟ್‌ವೇರನ್ನು ಭರಮ್ಯಾನ ಕೈಲೇ ತೆರೆಸಿ, ಅವನ ಭುಜ ಹಿಡಿದು ಬೇಡಿಕೊಂಡ. "ಏನೂ ಕತ್ತರಸಬ್ಯಾಡ, ಏನೂ ಕಾಯಬ್ಯಾಡ. ಪರದೇಮ್ಯಾಲ ಡಬ್ಬಿ ಮೂಡಿದ್ರ ಕಂಪ್ಯೂಟರ್ ನಿನಗ ಏನೋ ಕೇಳಾಕತ್ತೇತಿ ಅಂತ ತಿಳಿ. ಏನ ಕೇಳಿದ್ರೂ ಹೂಂ ಅನ್ನು, ದೊಡ್ಡ ಬಟನ್ ಒತ್ತು. ತಿಳೀತಿಲ್ಲೋ?"

ಭರಮ್ಯಾ ಹೂಂ ಅಂದ. ಎಲ್ಲ ಮುಗಿಸಿದ. ಹೊಸ ಕೀಬೋರ್ಡಿಗೆ ತುಂಬಿಯೂ ಬಿಟ್ಟ. ಒತ್ತಿ ನೋಡು ಅಂತ ಯಾರೂ ಹೇಳಿರಲಿಲ್ಲ, ಅವನು ಒತ್ತಲಿಲ್ಲ.

ಜಮಖಂಡಿಯ ಚಪ್ಪರ ಕಿಕ್ಕಿರಿದಿತ್ತು. ಮಾಸ್ತರ ವಿಜಾಪುರದಿಂದ ನೆಟ್ಟಗೆ ಅಲ್ಲಿಗೇ ಬಂದು ಕೀಬೋರ್ಡಿನ ಮುಂದೆ ಕೂತ. ಅಂತರಪಟ ಹಿಡಿದರು. ಗಂಡಿನ ಕಡೆಯ ಹಿರಿಯ ಎದ್ದು ನಿಂತು, ನೆರೆದ ದೈವದ ಸಮಕ್ಷಮ ಕೇಳಿದ: ಹೆಣ್ಣು ಕೊಟ್ಟಿರೇನು? ಹುಡುಗಿಯ ಅಪ್ಪ ಹೂಂ ಅನ್ನಬೇಕಾದ ಹೊತ್ತು. ಅಪ್ಪನಿಲ್ಲದ್ದಕ್ಕೆ ಸೋದರಮಾವ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅದೇ ಗಳಿಗೆಗೆ ಮಾಸ್ತರ ಸನಾದಿ ಶುರುಮಾಡಲು ಕೆಳಗಿನ ಕೀ ಒತ್ತಿದ.

"ಹೂಂ..."

ಚಪ್ಪರಕ್ಕೆ ಚಪ್ಪರವೇ ಕಲ್ಲಾಯಿತು. ಎದೆಯಾಳದ, ತುಸು ಗೊಗ್ಗರಿನ, ಎಲ್ಲರೂ ಮಣ್ಣು ಕೊಟ್ಟು ಬಂದ ಹುಲಗಪ್ಪನ ದನಿ. ಕೇಳಿದ ಹಿರಿಯ ರುಮಾಲು ತೆಗೆದು ಕೀಬೋರ್ಡಿಗೆ ಕೈಮುಗಿದ. ಕೆಂಚವ್ವ ಕಣ್ಣು ಮುಚ್ಚಿದಳು. ಅಕ್ಕಿಕಾಳು ಬಿದ್ದವು. ಗಾಬರಿಯಲ್ಲಿ ಮಾಸ್ತರನ ಬೆರಳು ಎಲ್ಲಿ ಬಿದ್ದರೂ ಹೂಂ, ಸಣ್ಣ ಹೂಂ, ದಪ್ಪ ಹೂಂ, ಒಂದು ಊರಿನ ಸತ್ತವರೆಲ್ಲ ಒಪ್ಪಿಕೊಂಡ ಹಾಗೆ.

ಆಮೇಲೆ ಮಾಸ್ತರ ಹೇಳಿದ. ಈ ಸ್ವರ ಅಳಿಸಿ ಹೊಸ ದನಿ ತುಂಬಲೇ ಅಂತ ಕಂಪ್ಯೂಟರು ಸ್ವರಸ್ವರಕ್ಕೂ ಕೇಳಿದೆ, ಮೈಕು ತೆರೆದಿತ್ತು, ನಿಮ್ಮ ಮಗ ಬಾಯಿ ತುಂಬ ಹೂಂ ಅಂದಿದ್ದಾನೆ. ಅವನ ಕೀರಲು ದನಿಯೇ ಕೆಳಗಿನ ಕೀಯಲ್ಲಿ ದಪ್ಪಗಾಗಿ ಹಿಂಗಾಗಿದೆ. ಸನಾದಿ ಹೋಯಿತು ವೈನಿ.

ಯಮನವ್ವ ಕೀಬೋರ್ಡಿನ ಮೇಲೆ ಬಿದ್ದ ಅಕ್ಕಿಕಾಳನ್ನು ಸೆರಗಿನಿಂದ ಒರೆಸಿದಳು. ಕರೆಂಟಿನ ವೈರು ಬಿಚ್ಚಿ, ಸುತ್ತಿ, ತನ್ನ ಚೀಲಕ್ಕೆ ಹಾಕಿದಳು. "ಅಪ್ಪನ್ನ ಮನಿಗೆ ಕರಕೊಂಡು ಬಾ" ಅಂತ ಮಗನಿಗೆ ಹೇಳಿ ಬಸ್ಸು ಹತ್ತಿದಳು.

ಭರಮ್ಯಾ ಕರೆದುಕೊಂಡೇ ಬಂದ. ಕೀಬೋರ್ಡಿಗೆ ಶಾಲು ಹೊದಿಸಿದ, ತಾಯಿಯ ಹಿಂದಿನ ಸೀಟಿನಲ್ಲಿ ಕಿಟಕಿ ಕಡೆಗೆ ನಿಲ್ಲಿಸಿ ಕೂರಿಸಿದ, ಗಾಳಿ ಬರಲಿ ಅಂತ ಕಿಟಕಿ ತೆರೆದ, ತಾನು ಪಕ್ಕಕ್ಕೆ ಕೂತು ಬುಂದೆ ಲಾಡು ಇಡಿಯಾಗಿ ಬಾಯಿಗೆ ತುರುಕಿಕೊಂಡ.

ಕಂಡಕ್ಟರ್ ಬಂದ. ಶಾಲು ಹೊದ್ದ ಆಕಾರವನ್ನು ನೋಡಿ, ಇಬ್ಬರೇನು ಅಂತ ಕೇಳಿದ.

ಭರಮ್ಯಾನ ಬಾಯಲ್ಲಿ ಲಾಡು. ವೈರು ಯಮನವ್ವನ ಚೀಲದಲ್ಲಿ.

"ಹೂಂ" ಅಂತು ಶಾಲು.

ಯಮನವ್ವ ತಿರುಗಿ ನೋಡಲಿಲ್ಲ. ಕಂಡಕ್ಟರ್ ಎರಡು ಟಿಕೆಟ್ ಹರಿದು, ಶಾಲಿನ ಮಡಿಕೆಯಲ್ಲಿ ಒಂದನ್ನು ಸಿಗಿಸಿ ಮುಂದೆ ಹೋದ.