ಅಂಗೈಯಷ್ಟು ಹುಗ್ಗಿ

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಮಠದ ಹಿಂದೆ ಒಂದು ಗುಡ್ಡ. ಮಠದಲ್ಲಿದ್ದವರು ಇಬ್ಬರೇ: ಗುರು ಸಂಗಯ್ಯಜ್ಜ, ಶಿಷ್ಯ ಪಡದಯ್ಯ.

ಗುಡ್ಡದ ತುದಿಯಲ್ಲಿ ಅಜ್ಜನ ಗುರುಗಳ ಸಮಾಧಿಯ ಗದ್ದುಗೆ ಇತ್ತು. ವರ್ಷಕ್ಕೊಮ್ಮೆ, ಆ ಗುರುಗಳು ದೇಹ ಬಿಟ್ಟ ದಿನ, ಅಜ್ಜ ತಮ್ಮ ಕೈಯಾರೆ ಹೊಳೆಯ ನೀರು ಒಯ್ದು ಗದ್ದುಗೆಗೆ ಎರೆಯುತ್ತಿದ್ದರು.

ಅಜ್ಜನಿಗೆ ವಯಸ್ಸಾಗಿತ್ತು. ಸಮನೆಲದಲ್ಲಿ ಕೋಲೂರಿಕೊಂಡು ನಿಧಾನವಾಗಿ ಎಷ್ಟು ದೂರವಾದರೂ ನಡೆಯುತ್ತಿದ್ದರು. ಏರು ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ಪಡದಯ್ಯ ಅವರನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದ. ಅದು ಅವನ ಸೇವೆ. ಸ್ವಲ್ಪ ಹೆಮ್ಮೆಯೂ ಹೌದು.

ಆ ವರ್ಷ ನಡುಗುಡ್ಡಕ್ಕೆ ಬರುವಷ್ಟರಲ್ಲಿ ಅವನ ಕಾಲು ನಿಂತುಬಿಟ್ಟವು.

ಉಸಿರು ಕುಲುಮೆಯ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಇನ್ನೊಂದು ಹೆಜ್ಜೆ ಇಡಲು ಹೋದ. ಪಕ್ಕಕ್ಕೆ ವಾಲಿದ. ಅಜ್ಜ ಅವನ ಹೆಗಲು ತಟ್ಟಿದರು.

"ಇಳಸಪಾ. ಇಬ್ಬರೂ ಉರುಳೂದು ಬ್ಯಾಡ."

ಪಡದಯ್ಯ ಅವರನ್ನು ಒಂದು ಬಂಡೆಯ ಮೇಲೆ ಕೂರಿಸಿದ. ಬೆವರು ಒರೆಸಿಕೊಂಡ. ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ.

"ನಾ ಭಾರ ಆದ್ನೇನು?" ಅಜ್ಜ ಕೇಳಿದರು.

"ಇಲ್ರೀ ಅಜ್ಜಾರ. ನಾನ..." ಅವನು ತನ್ನ ಹೊಟ್ಟೆಯ ಕಡೆ ನೋಡಿಕೊಂಡ. ಮಾತು ಮುಗಿಸುವ ಅಗತ್ಯವಿರಲಿಲ್ಲ. ಹೊಟ್ಟೆಯೇ ಮುಂದೆ ಬಂದು ಹೇಳುತ್ತಿತ್ತು.

ಅಜ್ಜ ನಗಲಿಲ್ಲ. "ನನ್ನ ಹೊರೂಕಿಂತ ಮೊದಲ ನೀ ಯಾರನ್ನೋ ಹೊತ್ತಿ. ಯಾರವರು?"

ಪಡದಯ್ಯನಿಗೆ ಅರ್ಥವಾಗಲಿಲ್ಲ.

"ಹೋಗು, ನೀನ ನೀರು ಎರದು ಬಾ," ಎಂದು ಅಜ್ಜ ತಂಬಿಗೆಯನ್ನು ಅವನ ಕೈಗೆ ಕೊಟ್ಟರು. ಮತ್ತೆ ಗುಡ್ಡದ ತುದಿಯ ಕಡೆ ನೋಡುತ್ತ ಕೂತರು. ನೀರೆರೆದು ಬರುವಷ್ಟು ಹೊತ್ತೂ ಅವರು ಹಾಗೇ ನೋಡುತ್ತಿದ್ದುದನ್ನು ಪಡದಯ್ಯ ಮೇಲಿನಿಂದ ಕಂಡ. ಮುಂದಿನ ವರ್ಷದ ಹೊತ್ತಿಗೆ ಅಜ್ಜ ಇರುತ್ತಾರೋ ಇಲ್ಲವೋ ಎಂಬ ವಿಚಾರ ಅವನಿಗೆ ಬಂತು.

ಹೊಟ್ಟೆ ಬೆಳೆದ ಕಥೆ ಇಷ್ಟೇ.

ಸುಗ್ಗಿ ಮುಗಿದ ಮೇಲೆ ಮಠದವರು ಊರೂರು ತಿರುಗಿ ದಾಸೋಹಕ್ಕೆ ಕಾಳು ಕೂಡಿಸಿ ತರಬೇಕು. ಮೊದಲು ಆ ಸಂಚಾರಕ್ಕೆ ಬೇರೊಬ್ಬ ಹಿರಿಯ ಶಿಷ್ಯ ಹೋಗುತ್ತಿದ್ದ. ಅವನು ಕಾಶಿಯ ಕಡೆ ಹೊರಟುಹೋದ. ಜೋಳಿಗೆ ಪಡದಯ್ಯನ ಹೆಗಲಿಗೆ ಬಂತು.

ಮಠದ ಅಯ್ಯ ಊರಿಗೆ ಬಂದರೆ ಮನೆಮನೆಯವರೂ ಬಿನ್ನಹ ಮಾಡುತ್ತಾರೆ, ಊಟಕ್ಕೆ ಬರಬೇಕೆಂದು ಕೈಮುಗಿದು ಕರೆಯುತ್ತಾರೆ. ಒಂದು ಮನೆಗೆ ಹೋಗಿ ಇನ್ನೊಂದು ಮನೆಗೆ ಹೋಗದಿದ್ದರೆ ಆಗದು. ತಾಟಿಗೆ ಬಿದ್ದದ್ದು ಪ್ರಸಾದ. ಅದನ್ನು ಬಿಡುವ ಹಾಗಿಲ್ಲ. ಬಡಿಸುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಗೋದಿ ಹುಗ್ಗಿ, ಅದರ ಮೇಲೆ ತುಪ್ಪ, ಅದು ಮುಗಿಯುವ ಮುನ್ನ ಶೇಂಗಾ ಹೋಳಿಗೆ.

ಉಂಡು ಎದ್ದರೆ ಬಾಗಿಲಲ್ಲಿ ಬಂಡಿ ಹೂಡಿ ನಿಂತಿರುತ್ತಿತ್ತು. ಉಂಡ ಅಯ್ಯನನ್ನು ನಡೆಸಿದರೆ ಊರ ಮಾನ ಉಳಿದೀತೇ? ಹೀಗೆ ಪಡದಯ್ಯ ಉಂಡ, ಬಂಡಿಯಲ್ಲಿ ಮಲಗಿದ, ಎದ್ದ, ಮತ್ತೆ ಉಂಡ. ಕಾಳಿನ ಚೀಲಗಳ ಜೊತೆ ತಾನೂ ಒಂದು ಚೀಲವಾಗಿ ಮಠಕ್ಕೆ ಬಂದಿಳಿದ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ತಾಯಿಯೊಬ್ಬಳು ಸೌಟು ಹಿಡಿದು ಎದುರಿಗೆ ನಿಂತಾಗ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ಗುಡ್ಡದಿಂದ ಇಳಿದ ಮರುದಿನದಿಂದ ಪಡದಯ್ಯ ಉಪವಾಸ ಹಿಡಿದ. ಹಟ ಹಿಡಿದು ಹಿಡಿದು ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದ. ಕಣ್ಣು ಬಿಟ್ಟಾಗ ಅಜ್ಜ ಪಕ್ಕದಲ್ಲಿ ಕೂತಿದ್ದರು. ಕೈಯಲ್ಲಿ ಅಂಬಲಿಯ ಬಟ್ಟಲು.

"ಕುಡಿ."

"ಬ್ಯಾಡ್ರಿ."

"ಈಗ ಬ್ಯಾಡ ಅನ್ನಾಕ ಬರತೈತಿ ನಿನಗ! ಊರಾಗ ಯಾಕ ಬರಲಿಲ್ಲ?"

ಪಡದಯ್ಯನ ಕಣ್ಣು ತುಂಬಿದವು. "ಅಲ್ಲಿ ಬ್ಯಾಡ ಅಂದ್ರ ಅವರ ಮಾರಿ ಸಣ್ಣದಾಗತೈತ್ರಿ ಅಜ್ಜಾರ. ಆ ಬಾಡಿದ ಮುಖ ನೋಡಾಕ ಆಗೂದಿಲ್ಲ. ಅದಕ್ಕ ಉಣ್ತೀನಿ."

ಅಜ್ಜ ಬಟ್ಟಲನ್ನು ಅವನ ತುಟಿಗೆ ಹಿಡಿದರು. "ಹೊಟ್ಟೀಬಾಕ ಅಲ್ಲಪಾ ನೀ. ಮನಸು ಮೆತ್ತಗೈತಿ, ಅಷ್ಟ. ಬರೋ ಸುಗ್ಗಿಗೆ ನಾನೂ ಸಂಚಾರಕ್ಕ ಬರ್ತೀನಿ."

"ಈ ವಯಸ್ಸಿನಾಗ ಅಷ್ಟು ದೂರ ಹ್ಯಾಂಗ್ರಿ?"

"ನೀ ನಡದಷ್ಟು ನಾ ನಡಿತೀನಿ. ನಾ ನಡದಷ್ಟು ನೀ ನಡಿ."

ಸುಗ್ಗಿ ಮುಗಿಯಿತು. ಇಬ್ಬರೂ ಹೊರಟರು.

ಮೊದಲ ಊರಿನಲ್ಲಿ ಬಂಗಾರೆವ್ವ ಎಂಬ ಹೆಣ್ಣುಮಗಳ ಮನೆಯಲ್ಲಿ ಬಿನ್ನಹ. ಹೋದ ವರ್ಷ ಪಡದಯ್ಯ ಮೊದಲು ಸೋತದ್ದು ಇವಳ ಹುಗ್ಗಿಗೇ. ಅವಳು ಈ ಸಲವೂ ಪಾತ್ರೆಯನ್ನೇ ಎತ್ತಿಕೊಂಡು ಬಂದಳು.

ಅಜ್ಜ ತಾಟನ್ನು ಪಕ್ಕಕ್ಕೆ ಸರಿಸಿ ಬಲ ಅಂಗೈ ಮುಂದೆ ಚಾಚಿದರು. "ಇದರಾಗ ಹಾಕವ್ವಾ. ನನ್ನ ಗುರುಗಳು ಹಿಂಗ ಕೈಯಾಗ ಉಣ್ತಿದ್ರು."

ಅಂಗೈಯಲ್ಲಿ ಎಷ್ಟು ಹಿಡಿಯುತ್ತದೆ? ಹಿಡಿದಷ್ಟು ಹಾಕಿದಳು. ಅಜ್ಜ ಅದರಲ್ಲೊಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು.

"ಈ ಹುಗ್ಗಿ ಮಾಡೂದು ನಿನಗ ಯಾರು ಕಲಿಸಿದ್ರವ್ವಾ?"

ಬಂಗಾರೆವ್ವ ಸೌಟು ಹಿಡಿದುಕೊಂಡೇ ನಿಂತಿದ್ದಳು. "ನಮ್ಮತ್ತೀರಿ," ಎಂದಳು.

"ಛಲೋ ಇದ್ದಳೇನು?"

ಅವಳು ನಕ್ಕಳು. ಆ ನಗೆಯ ಜೊತೆಗೇ ಕೆಳಗೆ ಕೂತಳು. "ಜಗಳಗಂಟಿ ಇದ್ಳ್ರೀ ಅಜ್ಜಾರ. ವರ್ಸಗಟ್ಲೆ ಒಬ್ಬರಿಗೊಬ್ಬರು ಮಾತ ಬಿಟ್ಟಿದ್ವಿ. ಕಡೀಕ ಹಾಸಿಗಿ ಹಿಡದಾಗ ನಾನ ನೋಡಿಕೊಂಡೆ. ಒಂದಿನ ಮುಂಜಾನೆ ನನ್ನ ಕೈ ಹಿಡಕೊಂಡು, ಬಂಗಾರೀ, ಹುಗ್ಗಿ ಉಣಬೇಕನಸೇತಿ ಅಂದ್ಳು. ಒಲಿ ಮ್ಯಾಲ ಇಟ್ಟೆ. ಹುಗ್ಗಿ ಕುದಿಯೂದ್ರಾಗ ಹೋಗಿಬಿಟ್ಳು."

ಸೌಟು ಅವಳ ಮಡಿಲಲ್ಲಿತ್ತು. ಸೀರೆಗೆ ಹುಗ್ಗಿ ಅಂಟಿದ್ದು ಅವಳಿಗೆ ಗೊತ್ತಿರಲಿಲ್ಲ.

"ಅವತ್ತಿಂದ ಬಂದ ಬಂದವರಿಗೆಲ್ಲ ಬಡಸ್ತೀನ್ರಿ. ಹೋದ ವರ್ಸ ಈ ಸಣ್ಣ ಅಯ್ಯಾರಿಗೂ ತಾಟಿನ ಮ್ಯಾಲ ತಾಟು ಬಡಿಸಿದೆ. ಪಾಪ, ಎಲ್ಲಾ ಉಂಡ್ರು. ಆದ್ರ ನನಗ ಸಮಾಧಾನ ಆಗಲಿಲ್ಲ."

ಅಂಗೈಯಲ್ಲಿ ಉಳಿದಿದ್ದ ಹುಗ್ಗಿಯನ್ನು ಅಜ್ಜ ನೋಡಿದರು. "ಈ ತುತ್ತು ನಿಮ್ಮತ್ತಿ ಪಾಲಿಂದವ್ವಾ," ಎಂದು ಅದನ್ನು ಉಂಡರು. ಕೈ ಖಾಲಿಯಾಯಿತು.

ಬಂಗಾರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನೊಂದು ಸೌಟು ಹಾಕಲೇ ಎಂದು ಕೇಳಲಿಲ್ಲ. ಪಡದಯ್ಯನ ತಾಟಿನಲ್ಲೂ ಮೊದಲು ಹಾಕಿದ್ದಷ್ಟೇ ಇತ್ತು. ಇಷ್ಟು ಸಂಕಟವನ್ನು ಎದುರಿಗಿಟ್ಟುಕೊಂಡು ಕಳೆದ ವರ್ಷ ತಾನು ಬರೀ ಹುಗ್ಗಿ ಉಂಡು ಎದ್ದುಹೋದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಬೇಸರವಾಯಿತು.

ಹೊರಗೆ ಬಂದರೆ ಬಂಗಾರೆವ್ವನ ಗಂಡ ಕಾಡಪ್ಪ ಬಂಡಿ ಹೂಡಿ ನಿಂತಿದ್ದ.

"ಮಠದ ಕಾಳು ಬಂಡ್ಯಾಗ ಹೋಗಲಿ, ನಿನ್ನ ಆಳು ಹೊಡಕೊಂಡು ಹೋಗ್ಲಿ," ಎಂದರು ಅಜ್ಜ. "ನಮ್ಮನ್ನ ಮಾತ್ರ ಊರ ಗಡಿತನಕ ನೀನ ಕಳಿಸಿ ಬಾ."

ಕಾಡಪ್ಪ ಕಕ್ಕಾಬಿಕ್ಕಿಯಾದ. ಮನೆಗೆ ಬಂದವರನ್ನು ಗಡಿಯ ತನಕ ನಡೆದು ಕಳಿಸಿ ಬರುವುದು ಹಿಂದಿನವರ ಪದ್ಧತಿ. ಬಂಡಿ ಹತ್ತಿಸಿ ಕೈಮುಗಿದರೆ ಆಯಿತು ಎಂಬುದು ಈಗಿನದು. ಆದರೂ ಬಂದ. ಬಂಗಾರೆವ್ವನೂ ಬಂದಳು. ಊರ ಗಡಿಯ ಹಳ್ಳ ಬರುವತನಕ ಕಾಡಪ್ಪ ತನ್ನ ಹೊಲ, ತನ್ನ ಎತ್ತು, ಮಾತು ಬಿಟ್ಟ ತಮ್ಮ, ಎಲ್ಲವನ್ನೂ ಹೇಳಿದ. ಅಜ್ಜ ಹೂಂಗುಟ್ಟುತ್ತ ನಡೆದರು.

ಹಳ್ಳದ ದಡದಲ್ಲಿ ಅಜ್ಜ ನಿಂತು ಇಬ್ಬರ ತಲೆಯ ಮೇಲೂ ಕೈಯಿಟ್ಟರು.

"ಇಲ್ಲೀತನಕ ಬಂದ್ರಲ್ಲ, ನನ್ನ ಹೊಟ್ಟಿ ತುಂಬ್ತು. ಇನ್ನ ಮನಿಗೆ ಹೋಗ್ರಿ."

ಹಳ್ಳ ದಾಟಿದ ಮೇಲೆ ಪಡದಯ್ಯ ಮೆಲ್ಲಗೆ ಕೇಳಿದ. "ಅಜ್ಜಾರ, ಅಂಗೈಯಷ್ಟು ಉಂಡು ಹೊಟ್ಟಿ ತುಂಬ್ತು ಅಂದ್ರಿ. ಸುಳ್ಳಲ್ಲೇನ್ರಿ ಅದು?"

"ಆಕಿ ಮಾರಿ ಸಣ್ಣದಾತೇನು?"

"ಇಲ್ರಿ."

"ಮತ್ತ?" ಎಂದು ಅಜ್ಜ ಕೋಲೂರಿಕೊಂಡು ಮುಂದೆ ನಡೆದರು.

ಎರಡನೆಯ ಊರಿನಲ್ಲಿ ಪಡದಯ್ಯ ತಾನೂ ಅಂಗೈ ಚಾಚಿದ. ತಾನೂ ಪ್ರಶ್ನೆ ಕೇಳಿದ. "ಈ ಹೋಳಿಗಿ ಯಾರು ಕಲಿಸಿದ್ರವ್ವಾ?" ಆ ತಾಯಿ, "ಯಾರೂ ಕಲಿಸಿಲ್ರಿ, ನಾನ ಕಲತೀನಿ, ಛಲೋ ಆಗ್ಯಾವಲ್ರೀ?" ಎಂದು ಹಿಗ್ಗಿ ಎರಡು ಹೋಳಿಗೆ ಅಂಗೈಗೇ ಹೇರಿದಳು. ಮೇಲೆ ತುಪ್ಪ ಸುರಿದಳು. ತುಪ್ಪ ಮೊಣಕೈಗೆ ಇಳಿಯಿತು. ಪಡದಯ್ಯ ಎರಡನ್ನೂ ಉಂಡ.

ದಾರಿಯಲ್ಲಿ ಅಜ್ಜ ನಕ್ಕೂ ನಕ್ಕೂ ನಿಂತುಬಿಟ್ಟರು. "ಕೇಳಿದ್ದು ಬಾಯಿ. ಕಣ್ಣು ತುಪ್ಪದ ಗಿಂಡಿ ಮ್ಯಾಲ ಇತ್ತಲ್ಲೋ ತಮ್ಮಾ!"

ಪಡದಯ್ಯನಿಗೂ ನಗು ಬಂತು. ಮುಂದಿನ ಊರುಗಳಲ್ಲಿ ಅವನು ತಾಟನ್ನು ಬಿಟ್ಟು ಬಡಿಸುವವರ ಮುಖ ನೋಡತೊಡಗಿದ. ಒಬ್ಬಳಿಗೆ ಬಾಣಂತನಕ್ಕೆ ಬರಬೇಕಾದ ಮಗಳು ಬಂದಿರಲಿಲ್ಲ. ಒಬ್ಬ ಮುದುಕನಿಗೆ ತಾನು ಕಟ್ಟಿದ ಬಾವಿಯನ್ನು ತೋರಿಸಬೇಕಾಗಿತ್ತು, ಅಷ್ಟೇ. ಕೆಲವು ಮನೆಗಳಲ್ಲಿ ಅಂಗೈ ತುತ್ತು ಸಾಕಾಗುತ್ತಿತ್ತು. ಹಸಿವಾದ ದಿನ ತಾಟು ಹಾಕಿಸಿಕೊಂಡು ಎರಡು ರೊಟ್ಟಿ ಚೆನ್ನಾಗಿಯೇ ಉಣ್ಣುತ್ತಿದ್ದ. ಊರಿಂದೂರಿಗೆ ಬಂಡಿಯಲ್ಲಿ ಚೀಲಗಳಷ್ಟೇ ಹೋದವು. ಗಡಿಯ ತನಕ ಊರವರು, ಅಲ್ಲಿಂದ ಮುಂದೆ ಗುರುಶಿಷ್ಯರಿಬ್ಬರೇ.

ಒಂದು ಸಂಜೆ ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳುವಾಗ ಪಡದಯ್ಯ ಹೇಳಿದ. "ಹೋದ ವರ್ಸ ನಾ ಗುಡ್ಡದ ಮ್ಯಾಲ ಯಾರನ್ನ ಹೊತ್ತಿದ್ದೆ ಅಂತ ಗೊತ್ತಾತ್ರಿ."

"ಯಾರನ್ನ?"

"ಬಂಗಾರೆವ್ವನ ಅತ್ತಿನ್ನ."

ಅಜ್ಜ ಗಹಗಹಿಸಿ ನಕ್ಕರು. ನಗುತ್ತ ನಗುತ್ತ ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಪಡದಯ್ಯ ಬೆನ್ನು ಸವರುತ್ತ ಕೂತ.

ಗದ್ದುಗೆಯ ದಿನ ಬಂತು.

ಪಡದಯ್ಯ ಹೊಳೆಯಲ್ಲಿ ಮಿಂದು ತಂಬಿಗೆ ತುಂಬಿಕೊಂಡು ಬಂದ. ಅಜ್ಜ ತಮ್ಮ ಕಂಬಳಿಯನ್ನು ಮಡಚಿ ಇಟ್ಟುಕೊಂಡಿದ್ದರು.

"ಇದನ್ನೂ ತಗೊಳ್ಳಪಾ. ಮ್ಯಾಲ ಗವಿಯಾಗ ಇದ್ದುಬಿಡಬೇಕಂತ ಮಾಡೀನಿ. ನನ್ನ ಗುರುಗಳೂ ಕಡೀಕ ಅಲ್ಲೇ ಇದ್ರು. ಗದ್ದಿಗಿ ಪೂಜಾರಿ ಅದಾನ, ಅಂಬಲಿ ಕಾಸಿ ಕೊಡ್ತಾನ."

"ಎಷ್ಟು ದಿನ ಇರ್ತೀರಿ ಅಜ್ಜಾರ?"

ಅಜ್ಜ ಕೇಳಿಸದವರಂತೆ ತಂಬಿಗೆಗೆ ಕೈ ಚಾಚಿದರು.

ಪಡದಯ್ಯ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿದ. ಅಜ್ಜ ಬೆನ್ನೇರಿದರು. ಗುಡ್ಡ ಹತ್ತತೊಡಗಿದ. ಕಾಲು ತಮ್ಮಷ್ಟಕ್ಕೆ ಹೋಗುತ್ತಿದ್ದವು. ನಡುಗುಡ್ಡದ ಬಂಡೆ ಬಂತು, ಹಿಂದಾಯಿತು. ಉಸಿರು ಏರಲಿಲ್ಲ. ಅವನಿಗೆ ಹಾಡಬೇಕೆನಿಸುವಷ್ಟು ಸಂತೋಷವಾಯಿತು.

"ನೋಡಿದ್ರೇನ್ರಿ ಅಜ್ಜಾರ? ಈ ಸಲ ನಿಲ್ಲಲೇ ಇಲ್ಲ!"

"ನೋಡಿದೆ, ನೋಡಿದೆ," ಎಂದರು ಅಜ್ಜ ಅವನ ಕಿವಿಯ ಬಳಿ.

ತುದಿಯಲ್ಲಿ ಅವರನ್ನು ಇಳಿಸಲು ಎರಡೂ ಕೈಯಿಂದ ಹಿಡಿದ. ಆಗ ಕೈಗೆ ಗೊತ್ತಾಯಿತು. ಮೈಮೇಲಿನ ಬಟ್ಟೆಯ ಒಳಗೆ ಇದ್ದದ್ದು ಬರೀ ಎಲುಬು. ಎತ್ತಿದ್ದು ಎತ್ತಿದ ಹಾಗೇ ಇರಲಿಲ್ಲ. ತನ್ನ ಬಲದಿಂದ ಹತ್ತಿದೆ ಎಂದುಕೊಂಡಿದ್ದನಲ್ಲ, ಅದರಲ್ಲಿ ಅರ್ಧ ಅಜ್ಜನ ಹಗುರ.

ಅಜ್ಜ ತಂಬಿಗೆ ಹಿಡಿದರು. ಪಡದಯ್ಯ ಕೈ ಆಸರೆ ಕೊಡಲು ಹೋದ. ಅಜ್ಜ ಬೇಡವೆಂದು ತಲೆಯಾಡಿಸಿದರು. ಹೊಳೆಯ ನೀರು ಗದ್ದುಗೆಯ ಕಲ್ಲಿನ ಮೇಲೆ ಇಳಿಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆಮೇಲೆ ಅವರು ಗವಿಯ ಬಾಯಲ್ಲಿ ಕಂಬಳಿ ಹಾಸಿಕೊಂಡು ಕೂತರು. ಹೋದ ವರ್ಷ ಕೆಳಗಿನಿಂದ ನೋಡಿದ್ದ ಜಾಗದಲ್ಲಿ ಕೂತು ಈಗ ಕೆಳಗಿನ ಹೊಳೆಯನ್ನು ನೋಡಿದರು.

"ಅಜ್ಜಾರ," ಎಂದು ಪಡದಯ್ಯ ಅವರ ಪಕ್ಕ ಕುಕ್ಕರಿಸಿದ. "ಎಷ್ಟ ಹಗೂರ ಆಗೀರಿ ನೀವು!"

ಅಜ್ಜ ಕಂಬಳಿಯ ಅಂಚು ಸರಿಮಾಡಿಕೊಂಡರು.

"ನಾನೂ ಇಲ್ಲೇ ಇರ್ತೀನ್ರಿ. ಕೆಳಗ ನನಗ ಯಾರದಾರ?"

"ಮಠದ ಬಾಗಿಲಿಗೆ ಹಸದವರು ಬರ್ತಾರ. ಅವರ ಮಾರಿ ನೋಡವರು ಯಾರು?"

ಪಡದಯ್ಯ ಅಳುತ್ತ ಅವರ ಕಾಲಿಗೆ ಹಣೆ ಹಚ್ಚಿದ. ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು. ಹಳ್ಳದ ದಡದಲ್ಲಿ ಇಟ್ಟ ಹಾಗೆಯೇ.

"ಇಲ್ಲೀತನಕ ಬಂದ್ಯಲ್ಲ, ನನ್ನ ಹೊಟ್ಟಿ ತುಂಬ್ತು. ಇನ್ನ ನೀ ಮನಿಗೆ ಹೋಗು."