ಕೆಡದ ಕಾರು

"ಗುರುಗಳೇ, ಇಲ್ಲದ ನೋವನ್ನು ಹೇಳಿಕೊಂಡು ಬರುವವನಿಗೆ ಇದ್ದ ಸತ್ಯ ಹೇಳುವುದು ತಪ್ಪೇ?" ಎಂದು ನಿರಂಜನ ಕೇಳಿದ.

ಮಠಕ್ಕೆ ಬರುವವರ ಕಷ್ಟಸುಖ ಕೇಳುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಮಳೆಗಾಲದ ಉದ್ದಕ್ಕೂ ಒಬ್ಬ ಮನುಷ್ಯ ಅವನ ಬಳಿಗೆ ಬರುತ್ತಿದ್ದ. ಒಮ್ಮೆ ತಲೆನೋವು ಎನ್ನುತ್ತಿದ್ದ, ಇನ್ನೊಮ್ಮೆ ಕೆಟ್ಟ ಕನಸು ಎನ್ನುತ್ತಿದ್ದ. ಹೇಳಿದ ಉಪಾಯವನ್ನು ಮಾಡುತ್ತಿರಲಿಲ್ಲ, ಮತ್ತೆ ಬರುತ್ತಿದ್ದ. ಕೊನೆಗೆ ನಿರಂಜನ ಬೇಸತ್ತು, ನಿಮಗೆ ಯಾವ ತೊಂದರೆಯೂ ಇಲ್ಲ, ಹೋಗಿಬನ್ನಿ ಎಂದಿದ್ದ. ಆಮೇಲೆ ಆ ಮನುಷ್ಯ ಬಂದಿರಲಿಲ್ಲ.

ಗುರುಗಳು ಒಂದು ಕತೆ ಹೇಳತೊಡಗಿದರು.

ಬೀದರ್ ಕಡೆಯ ಒಬ್ಬ ನೌಕರನಿಗೆ ಹಾವೇರಿಗೆ ವರ್ಗವಾಯಿತು. ಅವನ ಹೆಸರು ಮಲ್ಲಿನಾಥ. ಮದುವೆಯಾಗಿರಲಿಲ್ಲ. ತಾಯಿ ಇರುವ ತನಕ ತಾಯಿಯ ಜೊತೆ ಇದ್ದ, ಆಕೆ ಹೋದ ಮೇಲೆ ಒಬ್ಬನೇ ಇದ್ದ. ಅವನದು ಅಂಕಿಸಂಖ್ಯೆಯ ಕಚೇರಿ. ಅಲ್ಲಿಗೆ ಹೊರಗಿನವರು ಯಾರೂ ಬರುವುದಿಲ್ಲ. ಒಳಗಿನವರು ತಲೆ ಎತ್ತುವುದಿಲ್ಲ. ಸಂಜೆ ಬಾಡಿಗೆ ಮನೆಗೆ ಬಂದು ಬೀಗ ತೆಗೆದರೆ, ಮರುದಿನ ಕಚೇರಿಯಲ್ಲಿ ಯಾರಾದರೂ ಕರೆಯುವವರೆಗೆ ಅವನ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಕಚೇರಿ ಊರಿನ ಹೊರಗಿತ್ತು. ಹೋಗಿಬರಲು ಅವನು ಒಂದು ಹಳೆಯ ಡೀಸೆಲ್ ಕಾರು ಕೊಂಡಿದ್ದ. ಚಳಿಗಾಲದ ಒಂದು ಬೆಳಗ್ಗೆ ಆ ಕಾರು ಸ್ಟಾರ್ಟ್ ಆಗಲಿಲ್ಲ. ಅವನು ಬಾನೆಟ್ ಎತ್ತಿ, ಏನು ನೋಡಬೇಕೆಂದು ತಿಳಿಯದೆ ನಿಂತ.

ಅದೇ ರಸ್ತೆಯಲ್ಲಿ ದಿನವೂ ಅವನನ್ನು ದಾಟಿ ಹೋಗುತ್ತಿದ್ದವನೊಬ್ಬ ಗಾಡಿ ನಿಲ್ಲಿಸಿದ. ಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದ ವರ್ತಕ ಅವನು, ಪಟ್ಟಣಶೆಟ್ಟಿ ಎಂದು.

"ಏನಾಗೇತ್ರಿ ಸರ ಗಾಡಿಗೆ?" ಎಂದು ಕೇಳಿದ.

ಅವನ ಹಿಂದೆ ಇನ್ನೊಬ್ಬರು ಬಂದರು. ಎದುರು ಮನೆಯವರು ಹಲ್ಲುಜ್ಜುತ್ತಲೇ ಬಂದರು. ಬ್ಯಾಟರಿ ಇಳಿದಿದೆ ಎಂದು ಒಬ್ಬ ಹೇಳಿದ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಇನ್ನೊಬ್ಬ ವಾದಿಸಿದ. ಬ್ಯಾಟರಿಯ ತುದಿಗಳಿಗೆ ಬಿಳಿ ಪುಡಿ ಕಟ್ಟಿದ್ದನ್ನು ಪಟ್ಟಣಶೆಟ್ಟಿ ತೋರಿಸಿದ, ಎದುರು ಮನೆಯಿಂದ ಬಿಸಿನೀರು ತರಿಸಿ ಸುರಿದ. ಎಲ್ಲರೂ ಸೇರಿ ಕಾರು ತಳ್ಳಿದರು. ಅದು ಕೆಮ್ಮಿ ಎದ್ದಾಗ ಎಲ್ಲರೂ ಒಟ್ಟಿಗೆ ಕೂಗಿದರು. ಎದುರು ಮನೆಯ ಹೆಂಗಸು ಒಳಗಿನಿಂದ ಚಹಾ ಕಳಿಸಿದಳು.

ಮಲ್ಲಿನಾಥ ಆ ದಿನ ಕಚೇರಿಗೆ ತಡವಾಗಿ ಹೋದ. ದಾರಿಯುದ್ದಕ್ಕೂ ಅವನಿಗೆ ನಗು ಬರುತ್ತಿತ್ತು.

ಊರಿನಲ್ಲಿ ಕಾರು ಇಟ್ಟವರದೊಂದು ಬಳಗವಿತ್ತು. ಭಾನುವಾರ ಬೆಳಗ್ಗೆ ಮೈದಾನದ ಬೇವಿನ ಮರದ ಕೆಳಗೆ ಸೇರುತ್ತಿದ್ದರು. ಉಳಿದ ದಿನ ಫೋನಿನ ಗುಂಪಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪಟ್ಟಣಶೆಟ್ಟಿ ಮಲ್ಲಿನಾಥನನ್ನೂ ಅದಕ್ಕೆ ಸೇರಿಸಿದ.

ಕೆಲವು ದಿನಗಳ ನಂತರ ಮಲ್ಲಿನಾಥನ ಕಾರಿನ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಅವನು ಗುಂಪಿನಲ್ಲಿ ಕೇಳಿದ. ಸುಮ್ಮನೆ ಬಿದ್ದಿರುತ್ತಿದ್ದ ಅವನ ಫೋನು ಸಂಜೆಯವರೆಗೆ ಸದ್ದು ಮಾಡುತ್ತಲೇ ಇತ್ತು. ಟೈರಿಗೆ ಗಾಳಿ ಸಮ ಇದೆಯೇ ನೋಡಿ ಎಂದು ಒಬ್ಬರು ಬರೆದರು. ಅಲೈನ್‌ಮೆಂಟ್ ಮಾಡಿಸಿ ಎಂದು ಇನ್ನೊಬ್ಬರು. ಜುಬೇದಾ ಎಂಬ ಹೈಸ್ಕೂಲ್ ಶಿಕ್ಷಕಿ ತಮ್ಮ ಕಾರಿಗೂ ಹೀಗೇ ಆಗಿತ್ತೆಂದು ಫೋನ್ ಮಾಡಿಯೇ ಹೇಳಿದರು. ಅವನು ಟೈರುಗಳಿಗೆ ಗಾಳಿ ತುಂಬಿಸಿದ. ಕಾರು ನೇರವಾಗಿ ಓಡಿತು. ಸರಿಹೋಯಿತು ಎಂದು ಗುಂಪಿನಲ್ಲಿ ಬರೆದ. ಎಲ್ಲರೂ ಸಂತೋಷಪಟ್ಟರು. ಆಮೇಲೆ ಫೋನು ಮೊದಲಿನಂತೆ ಸುಮ್ಮನಾಯಿತು.

ಅವನು ಒಂದು ವಾರ ಕಾದ. ಕಾರಿಗೆ ಏನೂ ಆಗಲಿಲ್ಲ.

ಆಗ ಅವನು, ಕ್ಲಚ್ ಯಾಕೋ ಗಟ್ಟಿಯಾಗಿದೆ ಎಂದು ಬರೆದ. ಕ್ಲಚ್ ಗಟ್ಟಿಯಾಗಿರಲಿಲ್ಲ.

ಮತ್ತೆ ಫೋನು ಸದ್ದು ಮಾಡಿತು. ಅಲ್ಲಿಂದ ಮುಂದೆ ಅವನ ಕಾರಿಗೆ ಒಂದಿಲ್ಲೊಂದು ಬೇನೆ ಬರುತ್ತಲೇ ಹೋಯಿತು. ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ ಎಂದ. ಮೈಲೇಜ್ ಬಿದ್ದಿದೆ ಎಂದ. ಹಿಂದಿನ ಚಕ್ರದಿಂದ ಕಟಕಟ ಸದ್ದು ಬರುತ್ತದೆ ಎಂದ. ಭಾನುವಾರ ಬಂದರೆ ಜನ ಅವನ ಕಾರಿನ ಸುತ್ತ ನಿಲ್ಲುತ್ತಿದ್ದರು. ಬಗ್ಗಿ ನೋಡುತ್ತಿದ್ದರು, ಕಿವಿ ಕೊಟ್ಟು ಕೇಳುತ್ತಿದ್ದರು. "ಈಗ ಬರವಲ್ದು ನೋಡ್ರಿ ಸದ್ದು" ಎಂದು ಯಾರಾದರೂ ಹೇಳಿದರೆ, "ನಾನು ಒಬ್ಬನೇ ಇರುವಾಗ ಬರುತ್ತದೆ" ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ಹೇಳುವಾಗ ಸುಳ್ಳು ಹೇಳಿದಂತೆ ಅನ್ನಿಸುತ್ತಿರಲಿಲ್ಲ.

ಬೇಸಿಗೆಯಲ್ಲಿ ಒಂದು ಭಾನುವಾರ ಅವನು ಬೇವಿನ ಮರದ ಕೆಳಗೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಚಹಾದ ಅಂಗಡಿಯವನನ್ನು ವಿಚಾರಿಸಿದ. ಪಟ್ಟಣಶೆಟ್ಟಿಯ ಬಸುರಿ ಮಗಳಿಗೆ ಕುಬಸದ ಕಾರ್ಯ, ಎಲ್ಲರೂ ಊಟಕ್ಕೆ ಹೋಗಿದ್ದಾರೆ ಎಂದು ಅವನು ಹೇಳಿದ. ಬಳಗದವರನ್ನೆಲ್ಲ ಕರೆದಿದ್ದರು. ಮಲ್ಲಿನಾಥನನ್ನು ಕರೆಯಬಾರದು ಎಂದು ಯಾರೂ ಅಂದುಕೊಂಡಿರಲಿಲ್ಲ. ಅವನ ನೆನಪು ಬಂದಿರಲಿಲ್ಲ, ಅಷ್ಟೆ.

ಅವನು ಕಾರಿನೊಳಗೆ ಕೂತ. ಬಿಸಿಲು ಏರಿತು. ಚಹಾದವನು ಅಂಗಡಿ ಮುಚ್ಚಿ ಊಟಕ್ಕೆ ಹೋದ. ಮೈದಾನದಲ್ಲಿ ಒಂದು ನಾಯಿಯೂ ಇರಲಿಲ್ಲ. ಆಗ ಅವನು ಪಟ್ಟಣಶೆಟ್ಟಿಗೆ ಫೋನ್ ಮಾಡಿ, ಕಾರು ನಿಂತುಹೋಗಿದೆ, ಏನು ಮಾಡಿದರೂ ಏಳುತ್ತಿಲ್ಲ ಎಂದ.

ಪಟ್ಟಣಶೆಟ್ಟಿ ಎಲೆಯ ಮುಂದಿನಿಂದ ಎದ್ದು ಬಂದ. ಜೊತೆಗೆ ಬಳಗದ ಕೆಲವರೂ ಬಂದರು. ಬಂದವನು ನೇರವಾಗಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಕಾರು ಒಂದೇ ಸಲಕ್ಕೆ ಎದ್ದಿತು. ಅವನು ಅದನ್ನು ಆರಿಸಿದ. ಮತ್ತೆ ತಿರುಗಿಸಿದ. ಮತ್ತೆ ಎದ್ದಿತು.

ಯಾರೋ ನಕ್ಕರು. ಪಟ್ಟಣಶೆಟ್ಟಿ ನಗಲಿಲ್ಲ. ಅವನ ಕೈಗೆ ಇನ್ನೂ ಅನ್ನದ ಅಗುಳು ಅಂಟಿತ್ತು. ಬೀಗರ ನಡುವೆ ಎದ್ದು ಬಂದಿದ್ದ ಸಂಕೋಚವೂ ಅವನಲ್ಲಿತ್ತು.

"ನಿಮ್ಮ ಗಾಡಿಗೆ ಏನೂ ಆಗಿಲ್ರಿ" ಎಂದ. "ಆ ಕ್ಲಚ್ಚಿಗೂ ಏನೂ ಆಗಿದ್ದಿಲ್ಲ, ಚಕ್ರದಾಗೂ ಸದ್ದಿದ್ದಿಲ್ಲ. ಇನ್ನ ಮ್ಯಾಲೆ ಸುಮ್ಸುಮ್ನ ಕರೀಬ್ಯಾಡ್ರಿ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಲ್ಲಿನಾಥ ತಲೆ ತಗ್ಗಿಸಿ, "ತಪ್ಪಾಯಿತು" ಎಂದ. ಅವರು ಹೊರಟುಹೋದರು.

ಅಂದಿನಿಂದ ಅವನು ಭಾನುವಾರ ಮೈದಾನಕ್ಕೆ ಹೋಗಲಿಲ್ಲ. ಗುಂಪಿನಲ್ಲಿ ಏನನ್ನೂ ಕೇಳಲಿಲ್ಲ. ಬೇರೆಯವರು ಬರೆದದ್ದನ್ನು ಓದುತ್ತಿದ್ದ. ಯಾರದೋ ವೈಪರ್ ಹರಿದಿದೆ, ಯಾರದೋ ಟೈರ್ ಪಂಕ್ಚರ್ ಆಗಿದೆ. ಅವನ ಬಗ್ಗೆ ಯಾರೂ ವಿಚಾರಿಸಲಿಲ್ಲ. ದೂರುವವನು ದೂರುವುದನ್ನು ಬಿಟ್ಟರೆ ಸುಖವಾಗಿದ್ದಾನೆ ಎಂದೇ ಲೋಕ ತಿಳಿಯುತ್ತದೆ.

ಮಳೆ ಶುರುವಾದ ಮೇಲೆ ಅವನ ಕಾರಿನ ಬ್ರೇಕ್ ಮೆತ್ತಗಾಯಿತು. ಪೆಡಲ್ ಒತ್ತಿದರೆ ಕಾಲು ಒಳಕ್ಕೆ ಇಳಿಯುತ್ತಿತ್ತು. ಮತ್ತೊಮ್ಮೆ ಒತ್ತಿದರೆ ಹಿಡಿಯುತ್ತಿತ್ತು. ಅವನು ಫೋನ್ ತೆಗೆದು, ಬ್ರೇಕ್ ಹೀಗೆ ಮಾಡುತ್ತಿದೆ, ಓಡಿಸಬಹುದೇ ಎಂದು ಬರೆದ. ಬರೆದದ್ದನ್ನು ಓದಿದ. ಅವನು ಹಿಂದೆ ಬರೆದಿದ್ದ ಸುಳ್ಳುಗಳ ಹಾಗೆಯೇ ಅದು ಕಾಣಿಸಿತು. ಅಳಿಸಿದ. ಮೆಕ್ಯಾನಿಕ್ ಬಳಿ ಹೋದರಾಯಿತು ಎಂದುಕೊಂಡ. ಆದರೆ ಊರಿನ ಮೆಕ್ಯಾನಿಕ್‌ಗಳೆಲ್ಲ ಬಳಗದವರಿಗೆ ಪರಿಚಯದವರು. ಅಲ್ಲಿಯೂ ನಗುತ್ತಾರೆ ಅನ್ನಿಸಿತು. ಅಂಗಡಿಯಿಂದ ಬ್ರೇಕ್ ಆಯಿಲ್ ತಂದು ತಾನೇ ಸುರಿದ. ಸ್ವಲ್ಪ ದಿನ ಸರಿಯಿತ್ತು. ಆಯಿಲ್ ಎಲ್ಲಿಂದ ಸೋರುತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ.

ಕಚೇರಿಯ ದಾರಿಯಲ್ಲಿ ಹಳ್ಳಕ್ಕೆ ಇಳಿಯುವ ಒಂದು ಇಳಿಜಾರಿದೆ. ಕೆಳಗೆ ಸಣ್ಣ ಸೇತುವೆ. ಒಂದು ಬೆಳಗ್ಗೆ ಅವನು ಇಳಿಯುತ್ತಿದ್ದಾಗ ಕುರಿಯ ಹಿಂಡೊಂದು ಸೇತುವೆ ದಾಟುತ್ತಿತ್ತು. ನಡುವೆ ಒಬ್ಬ ಹೆಂಗಸು ಮರಿಯನ್ನು ಎತ್ತಿಕೊಂಡು ನಡೆಯುತ್ತಿದ್ದಳು. ಅವನು ಬ್ರೇಕ್ ಒತ್ತಿದ. ಕಾಲು ತಳಕ್ಕೆ ಹೋಯಿತು. ಮತ್ತೆ ಒತ್ತಿದ. ತಳದಲ್ಲಿ ಏನೂ ಇರಲಿಲ್ಲ. ಹಾರ್ನ್ ಹೊಡೆದ. ಆಕೆ ತಿರುಗಿ ನೋಡಿ ನಿಂತಲ್ಲೇ ನಿಂತಳು. ರಸ್ತೆಯ ಪಕ್ಕದಲ್ಲಿ ಜಲ್ಲಿಯ ರಾಶಿ ಹಾಕಿದ್ದರು. ಅವನು ಹ್ಯಾಂಡ್ ಬ್ರೇಕ್ ಎಳೆದು ಸ್ಟೇರಿಂಗ್ ಅತ್ತ ತಿರುಗಿಸಿದ.

ಹೆಂಗಸಿಗೆ ಏನೂ ಆಗಲಿಲ್ಲ. ಕುರಿಗಳಿಗೂ ಆಗಲಿಲ್ಲ. ಮಲ್ಲಿನಾಥನ ಕಾಲು ಮೊಣಕಾಲಿನ ಕೆಳಗೆ ಮುರಿಯಿತು. ಆ ಹೆಂಗಸೇ ಬಾಗಿಲು ಎಳೆದು, ಅವನ ತಲೆಯನ್ನು ಹಿಡಿದುಕೊಂಡು, ಅಂಬುಲೆನ್ಸ್ ಬರುವ ತನಕ "ಅಣ್ಣಾ, ಕಣ್ಣ ಮುಚ್ಚಬ್ಯಾಡ, ನನ್ನ ನೋಡು" ಎನ್ನುತ್ತ ಕೂತಿದ್ದಳು.

ಸುದ್ದಿ ಗುಂಪಿನಲ್ಲಿ ಹರಡಿತು. ತುಂಬ ಜನ ಬರೆದರು. ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಮೇಲಿಂದ ಸುರಿಯುವುದಲ್ಲ, ಸೋರುವ ಜಾಗ ಹುಡುಕಬೇಕು ಎಂದರು. ಪೆಡಲ್ ಮೆತ್ತಗಾದ ದಿನವೇ ಗಾಡಿ ನಿಲ್ಲಿಸಬೇಕು ಎಂದರು. ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು ಎಂದರು. ಎಲ್ಲವೂ ಸರಿಯಾದ ಮಾತೇ.

ಆಸ್ಪತ್ರೆಗೆ ಜುಬೇದಾ ಮೇಡಂ ಒಂದು ದಿನ ಬಂದು ಹಣ್ಣು ಕೊಟ್ಟು ಹೋದರು. ಪಟ್ಟಣಶೆಟ್ಟಿ ಬಂದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಪ್ಲಾಸ್ಟರ್ ನೋಡಿದ.

"ಬ್ರೇಕ್ ಒಮ್ಮಿಗೇ ಹೋಗೂದಿಲ್ರಿ" ಎಂದ. "ಮೊದಲ ಗೊತ್ತಾಗಿರಬೇಕಲ್ಲ. ಒಂದ ಮಾತ ಯಾಕ ಕೇಳ್ಲಿಲ್ರಿ ನನ್ನ?"

"ಈ ಸಲ ನಿಜವಾಗಿತ್ತು" ಎಂದ ಮಲ್ಲಿನಾಥ. "ಅದಕ್ಕೇ ಕೇಳಲು ಆಗಲಿಲ್ಲ."

ಆಮೇಲೆ ಅವನೇ, "ಅವತ್ತು ನೀವು ವಾಪಸು ಹೋಗಿ ಊಟ ಮಾಡಿದಿರೋ ಇಲ್ಲವೋ?" ಎಂದು ಕೇಳಿದ. ಇಷ್ಟು ದಿನ ಆ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಎಂದು ಧ್ವನಿಯಿಂದ ತಿಳಿಯುತ್ತಿತ್ತು. ಪಟ್ಟಣಶೆಟ್ಟಿ ಎದ್ದು ಕಿಟಕಿಯ ಬಳಿ ಹೋಗಿ ಹೊರಗೆ ನೋಡುತ್ತ ನಿಂತ.

ಆಮೇಲೆ ಅವನು ದಿನಾ ಸಂಜೆ ಅಂಗಡಿಯಿಂದ ಆಸ್ಪತ್ರೆಗೆ ಬರುತ್ತಿದ್ದ. ಕಾರು ಗುಜರಿಗೆ ಹೋಗಿತ್ತು. ಕಾರಿನ ಮಾತು ಮುಗಿದ ಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ವರ್ತಕ ಸ್ಟೂಲಿನ ಮೇಲೆ ಕೂತಿರುತ್ತಿದ್ದ, ನೌಕರ ಮೇಲಿನ ಫ್ಯಾನ್ ನೋಡುತ್ತಿದ್ದ. ಒಂದು ಸಂಜೆ ಮಲ್ಲಿನಾಥ ತನ್ನ ತಾಯಿ ಜೋಳದ ರೊಟ್ಟಿಯನ್ನು ಹೇಗೆ ತಟ್ಟುತ್ತಿದ್ದಳು ಎಂದು ಹೇಳಿದ. ಮರುದಿನ ಪಟ್ಟಣಶೆಟ್ಟಿ ಮನೆಯಿಂದ ರೊಟ್ಟಿ ತಂದ. ಹೆಚ್ಚೇನೂ ನಡೆಯಲಿಲ್ಲ.

ಕಾಲು ಕೂಡಿತು, ಆದರೆ ಮೊದಲಿನಂತೆ ಮಡಚಲು ಬರಲಿಲ್ಲ. ವೈದ್ಯರು ಇನ್ನು ಕಾರು ಓಡಿಸುವುದು ಬೇಡ ಎಂದರು. ಅವನು ಒಂದು ಭಾನುವಾರ ಪಟ್ಟಣಶೆಟ್ಟಿಯ ಜೊತೆ ಮೈದಾನಕ್ಕೆ ಹೋದ. ಎಲ್ಲರೂ ಎದ್ದು ಕುರ್ಚಿ ಕೊಟ್ಟರು, ಕಾಲಿನ ಬಗ್ಗೆ ವಿಚಾರಿಸಿದರು. ಆಮೇಲೆ ಮಾತು ಹೊಸ ಟೈರುಗಳ ಕಡೆಗೆ ಹೊರಳಿತು. ಕಾರಿಲ್ಲದವನು ನಡುವೆ ಕೂತು ಕೇಳಿದ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಮುಂದಿನ ವರ್ಷ ಅವನೇ ಬೇಡಿಕೊಂಡು ಬೀದರ್ ಕಡೆಗೆ ವರ್ಗ ಮಾಡಿಸಿಕೊಂಡ. ಅವನನ್ನು ರೈಲು ಹತ್ತಿಸಲು ಪಟ್ಟಣಶೆಟ್ಟಿ ಒಬ್ಬನೇ ಬಂದಿದ್ದ. ರೈಲು ಬಿಟ್ಟ ಮೇಲೂ ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ.

ಇಂದಿಗೂ ಆ ಬಳಗದಲ್ಲಿ ಯಾರಾದರೂ ಕಾರು ಏಳುತ್ತಿಲ್ಲ ಎಂದು ಬರೆದರೆ ಪಟ್ಟಣಶೆಟ್ಟಿ ಉತ್ತರ ಬರೆಯುವುದಿಲ್ಲ. ಅಂಗಡಿಯನ್ನು ಅಳಿಯನಿಗೆ ಬಿಟ್ಟು ಎದ್ದು ಹೋಗುತ್ತಾನೆ. ಹೆಚ್ಚಿನ ಸಲ ಅದು ಬ್ಯಾಟರಿಯೇ ಆಗಿರುತ್ತದೆ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು.

"ತಿಳಿಯಿತು ಗುರುಗಳೇ" ಎಂದ ನಿರಂಜನ. "ನಾಳೆಯೇ ನಾನು ಹೋಗಿ ಆ ಮನುಷ್ಯನನ್ನು ಕರೆದುಕೊಂಡು ಬರುತ್ತೇನೆ."

"ಹೋಗು" ಎಂದರು ಗುರುಗಳು. "ಅವನ ಹೆಸರೇನು?"

ನಿರಂಜನ ಬಾಯಿ ತೆರೆದ. ಇಡೀ ಮಳೆಗಾಲ ಅವನು ಆ ಹೆಸರನ್ನು ಕೇಳಿಯೇ ಇರಲಿಲ್ಲ.